ನಡೆಯದ ಮೂರನೆಯ ದಿನ

ಆ ಮೂರನೆಯ ದಿನದ ತರಬೇತಿ ನಡೆಯಲೇ ಇಲ್ಲ, ಶಾಹೀನಾ.

ಇಷ್ಟು ಹೇಳುವುದಕ್ಕೆ ನನಗೆ ಐದು ವರ್ಷ ಹಿಡಿಯಿತು. ವಿಚಾರಣೆಯ ಕೋಣೆಯಲ್ಲಿ ನೀವು ಹೇಳಿದ್ದೇ ನಿಜ, ನಾನು ಹೇಳಿದ್ದು ಸುಳ್ಳು. ಹಾಜರಿ ಹಾಳೆಯಲ್ಲಿ ಮೂರು ದಿನದ ಸಹಿಗಳಿದ್ದವು, ಮೂರೂ ನಿಮ್ಮವೇ — ಆದರೆ ಮೂರನ್ನೂ ಮೊದಲ ದಿನ ಬೆಳಿಗ್ಗೆಯೇ, ಹತ್ತು ನಿಮಿಷದೊಳಗೆ ನಿಮ್ಮಿಂದ ಹಾಕಿಸಿಕೊಂಡವನು ನಾನು. ಹಾಕಿಸಿಕೊಂಡವನೇ, ನೀವು ನನ್ನ ಮುಖ ನೋಡಿ ಬೇಡಿದಾಗ, ಏನೂ ಗೊತ್ತಿಲ್ಲದವನ ಹಾಗೆ ನಿಂತೆ.

ಇದನ್ನು ಬರೆಯುವಾಗಲೂ ಹೊರಗೆ ಗೇಟು ಸದ್ದಾದರೆ ಹಾಳೆಯ ಮೇಲೆ ದಿನಪತ್ರಿಕೆ ಎಳೆದುಕೊಳ್ಳುತ್ತೇನೆ. ಹಾಲಿನವನೇ ಇರಬಹುದು, ಗೊತ್ತು — ಆದರೂ. ನಾನು ಹುಟ್ಟು ಪುಕ್ಕಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಐದು ವರ್ಷದಿಂದ ನಾನು ಹೆಗಲು ಮುಟ್ಟಿಕೊಂಡೇ ಓಡಾಡುತ್ತಿದ್ದೇನೆ.

ಕಚೇರಿಯಲ್ಲಿ ನಿಮ್ಮನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಬಾಮ್ಮ, ಹೋಗಮ್ಮ, ಅಲ್ಲಿ ಕೂತ್ಕೊಮ್ಮ. ಈಗ ‘ನೀವು’ ಎನ್ನುತ್ತಿದ್ದೇನೆ. ಅದು ಗೌರವವೋ ಭಯವೋ ನನಗೇ ಬಗೆಹರಿದಿಲ್ಲ.

ಇದನ್ನು ನಿಮ್ಮ ಜೊತೆಗೆ ಬೇರೆಯವರೂ ಓದಬೇಕು. ಓದಲಿ ಎಂದೇ ಬರೆಯುತ್ತಿದ್ದೇನೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಮುನಿರಾಜು, ಪ್ರವಾಸೋದ್ಯಮದ ಒಂದು ಸಣ್ಣ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ತಪ್ಪು ಕಟ್ಟಡದ್ದಲ್ಲ, ನನ್ನದು. ಎಂಟು ಹುದ್ದೆ ಮಂಜೂರಾಗಿದ್ದ ಕಡೆ ಮೂವರು ಕೂತಿದ್ದೆವು, ಒಬ್ಬ ಡ್ರೈವರ್ ಬೇರೆ. ಸಿಬ್ಬಂದಿ ಮತ್ತು ತರಬೇತಿಯ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ವರ್ಷಕ್ಕೊಮ್ಮೆ ‘ಮಾನವ ಸಂಪನ್ಮೂಲ ಯೋಜನೆ’ ಎಂಬುದೊಂದನ್ನು ಬರೆದು ಮೇಲಕ್ಕೆ ಕಳಿಸಬೇಕು — ಯಾವ ಕೆಲಸಕ್ಕೆ ಎಷ್ಟು ಜನ ಬೇಕು, ಎಷ್ಟು ಜನ ಇದ್ದಾರೆ, ಇದ್ದವರಿಗೆ ಏನು ಕಲಿಸಬೇಕು, ಕಲಿಸಿದ್ದಾಯಿತೇ ಇಲ್ಲವೇ. ಹೆಸರು ದೊಡ್ಡದು. ಹೆಚ್ಚಿನ ವರ್ಷ ಹಳೆಯದರ ಇಸವಿ ತಿದ್ದಿ ಕಳಿಸುತ್ತಿದ್ದೆವು.

ಆದರೆ ಒಂದು ವರ್ಷ ನಾನು ಅದನ್ನು ಮನಸ್ಸಿಟ್ಟು ಬರೆದೆ. ಇದನ್ನು ಹೇಳಿಕೊಳ್ಳುವುದಕ್ಕೂ ಈಗ ನಾಚಿಕೆ. ನಮ್ಮ ಕಡೆ ನೋಡುವುದಕ್ಕೆ ಏನು ಕಡಿಮೆ? ನಲ್ಲೂರಿನ ಹುಣಸೆ ತೋಪಿದೆ, ಮಾಕಳಿದುರ್ಗಕ್ಕೆ ಶನಿವಾರ ಭಾನುವಾರ ಜನ ಬಂದೇ ಬರುತ್ತಾರೆ, ಹೆಸರಿಲ್ಲದ ಕೋಟೆ ಕೊತ್ತಲ ಊರಿಗೊಂದಿದೆ. ಬಂದವರಿಗೆ ದಾರಿ ತೋರಿಸಿ, ಕತೆ ಹೇಳಿ, ಬಿದ್ದರೆ ಎತ್ತುವವರು ಮಾತ್ರ ಇಲ್ಲ. ಊರವರನ್ನೇ ಹದಿನಾಲ್ಕು ಮಂದಿಯನ್ನು ಆರಿಸಿ, ಮೂರು ದಿನ ತರಬೇತಿ ಕೊಟ್ಟು, ಬ್ಯಾಡ್ಜ್ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡಬೇಕೆಂದು ಬರೆದೆ. ಮೊದಲ ದಿನ ಇತಿಹಾಸ, ಎರಡನೆಯ ದಿನ ಪ್ರವಾಸಿಗರೊಡನೆ ನಡೆದುಕೊಳ್ಳುವ ರೀತಿ, ಮೂರನೆಯ ದಿನ ಪ್ರಥಮ ಚಿಕಿತ್ಸೆ. ಯೋಜನೆ ಮಂಜೂರಾಗಿ ಬಂದ ದಿನ ಕಚೇರಿಗೆಲ್ಲ ನಾನೇ ಟೀ ತರಿಸಿದ್ದೆ.

ಆ ಹದಿನಾಲ್ಕರಲ್ಲಿ ನೀವೊಬ್ಬರೇ ಹೆಂಗಸು. ಸಂದರ್ಶನಕ್ಕೆ ದೊಡ್ಡಬಳ್ಳಾಪುರದಿಂದ ನಿಮ್ಮ ಅಣ್ಣನ ಸ್ಕೂಟರಿನಲ್ಲಿ ಬಂದಿರಿ. ಕನ್ನಡದಲ್ಲಿ ಶುರು ಮಾಡಿ, ನಡುವೆ ತೆಲುಗಿಗೆ ಹಾರಿ, ಹಿಂದಿಯಲ್ಲಿ ಮುಗಿಸಿದಿರಿ. ಮನೆಯಲ್ಲಿ ಆಡುವ ಉರ್ದು ಬೇರೆ. “ಅಮ್ಮಿ ಬೇಡ ಅಂತಾರೆ ಸಾರ್, ಬೆಟ್ಟ ಹತ್ತೋದು ಹೆಣ್ಮಕ್ಳ ಕೆಲ್ಸಾನಾ ಅಂತ. ಬ್ಯಾಡ್ಜ್ ತೋರಿಸಿದ್ರೆ ಸುಮ್ನಾಗ್ತಾರೆ” ಎಂದಿರಿ. ಆ ಬ್ಯಾಡ್ಜಿನ ಮೇಲೆ ನಿಮಗಿದ್ದ ಆಸೆ ಕಂಡು ನನಗೆ ನಗು ಬಂದಿತ್ತು. ಸರ್ಕಾರದ ಒಂದು ಪ್ಲಾಸ್ಟಿಕ್ ಬಿಲ್ಲೆಗೆ ಇಷ್ಟೊಂದು ಬೆಲೆಯೇ ಎಂದು.

ಈಗ ಸಹಿಯ ವಿಷಯ.

ಗುಮಾಸ್ತನಿಗೆ ಹಾವಿಗಿಂತ ದೊಡ್ಡ ಭಯವೆಂದರೆ ಹಾಜರಿ ಹಾಳೆಯ ಖಾಲಿ ಮನೆ. ಹಿಂದೊಮ್ಮೆ ಬೇರೊಂದು ತರಬೇತಿಯಲ್ಲಿ ಇಬ್ಬರು ಕೊನೆಯ ದಿನ ಬರಲಿಲ್ಲ, ಎರಡು ಮನೆ ಖಾಲಿ ಉಳಿದವು. ಅದಕ್ಕಾಗಿ ನನಗೆ ಕಾರಣ ಕೇಳುವ ನೋಟಿಸ್ ಬಂತು. ಮೂರು ತಿಂಗಳು ಊಟ ಸೇರಲಿಲ್ಲ. ಆಮೇಲೆ ನಾನೇ ಒಂದು ಉಪಾಯ ಕಂಡುಕೊಂಡೆ. ಎಲ್ಲರೂ ತಪ್ಪದೆ ಬರುವುದು ಮೊದಲ ದಿನ. ಆಗಲೇ ಎಲ್ಲ ದಿನದ ಸಹಿ ತೆಗೆದುಕೊಂಡುಬಿಡುವುದು. ಒಂದೇ ದಿನ ಹಾಕಿದ್ದು ಎಂದು ಕಾಣಬಾರದಲ್ಲ — ಅದಕ್ಕೆ ದಿನಕ್ಕೊಂದು ಪೆನ್ನು. ಮೊದಲ ದಿನಕ್ಕೆ ನೀಲಿ, ಎರಡನೆಯ ದಿನಕ್ಕೆ ಕಪ್ಪು, ಮೂರನೆಯದಕ್ಕೆ ಜೆಲ್ ಪೆನ್ನು. ಆಡಿಟ್‌ನವರು ಎರಡು ಸಲ ನೋಡಿ, ಮೆಚ್ಚಿ ಹೋದರು. ಈ ಜಾಣತನವನ್ನು ಟೀ ಕುಡಿಯುವಾಗ ಡ್ರೈವರ್ ಮುಂದೆ ಹೇಳಿಕೊಂಡು ಬೀಗಿದ್ದೂ ಉಂಟು.

ಆ ಬೆಳಿಗ್ಗೆ ಹದಿಮೂರು ಜನ ಕೇಳದೆ ಹಾಕಿದರು. ನೀವೊಬ್ಬರು ಮಾತ್ರ ಎರಡನೆಯ ಪೆನ್ನು ಕೈಗೆ ಕೊಟ್ಟಾಗ ತಲೆ ಎತ್ತಿದಿರಿ.

“ಸಾರ್, ಇನ್ನೂ ಬರ್ದೇ ಇರೋ ದಿನಕ್ಕೆ ಈಗ್ಲೇ ಸೈನ್ ಹಾಕೋದಾ?”

ನಾನು ನಕ್ಕೆ. “ದಿನ ಎಲ್ಲಿ ಹೋಗ್ತದಮ್ಮಾ? ಬಂದೇ ಬರ್ತದೆ. ಹಾಕು.”

ಹಾಕಿದಿರಿ. ಸರ್ಕಾರಿ ಕಚೇರಿಯ ಹಿರಿಯನೊಬ್ಬ ಹೇಳಿದ ಮೇಲೆ ಹಾಕದೆ ಇನ್ನೇನು ಮಾಡುತ್ತೀರಿ.

ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನದ ಪಾಠಕ್ಕೆ ಬೆಂಗಳೂರಿನಿಂದ ನಿವೃತ್ತ ನರ್ಸ್ ಒಬ್ಬರು ಬರಬೇಕಿತ್ತು. ನಿಮಗೆಲ್ಲ ಹಂಚಲು ಒಂದು ಕಟ್ಟು ಕರಪತ್ರಗಳನ್ನು ಮೊದಲೇ ಕಳಿಸಿದ್ದರು, ಗೋಣಿದಾರದಲ್ಲಿ ಬಿಗಿದು. ಎರಡನೆಯ ದಿನ ಸಂಜೆ ಅವರಿಂದ ಫೋನ್ ಬಂತು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ನಾಳೆ ಆಗುವುದಿಲ್ಲ, ಮುಂದಿನ ವಾರ ಖಂಡಿತ ಎಂದರು. ಸಾಹೇಬರ ಹತ್ತಿರ ಹೋಗಿ ಹೇಳಿದೆ.

“ಏನ್ ಮುನಿರಾಜು, ಸೋಮವಾರದ ಮೀಟಿಂಗ್‌ನಲ್ಲಿ ‘ತರಬೇತಿ ಬಾಕಿ’ ಅಂತ ನನ್ ಕೈಲಿ ಓದಿಸ್ತೀಯಾ? ಸಹಿ ಆಗಿದ್ಯಲ್ಲ, ಮುಗೀತು ಅಂತ ಬರಿ. ಮುಂದಿನ ವಾರ ಮಾಡಿದ್ರಾಯ್ತು.”

ಅವರು ಆಮೇಲೆ ವರ್ಗವಾಗಿ ಹೋದರು. ಅವರ ಮೇಲೆ ಹೊರೆ ಹೊರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಸಹಿ ಆಗಿರದಿದ್ದರೆ ಅವರಿಗೆ ಆ ಮಾತು ಹೇಳಲು ಆಗುತ್ತಲೇ ಇರಲಿಲ್ಲ. ನಿಮ್ಮೆಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ನಾಳೆ ಬರಬೇಡಿ ಎಂದೆ. ‘ತರಬೇತಿ ಪೂರ್ಣಗೊಂಡಿದೆ’ ಎಂದು ಬರೆದೆ. ಕರಪತ್ರದ ಕಟ್ಟನ್ನು ಬೀರುವಿನ ಮೇಲಿಟ್ಟೆ. ಮುಂದಿನ ವಾರ ಚುನಾವಣೆಯ ಕೆಲಸ ಬಂತು, ಅದರ ಮುಂದಿನ ವಾರ ಬೇರೇನೋ. ಬ್ಯಾಡ್ಜ್ ಹಂಚಿದೆವು. ನೀವು ಎರಡು ಕೈಯಲ್ಲೂ ಹಿಡಿದು ತೆಗೆದುಕೊಂಡಿರಿ. ಆಮೇಲೆ ನಾನು — ಮರೆತೇಬಿಟ್ಟೆ.

ಮುಂದಿನ ಬೇಸಿಗೆಯವರೆಗೂ.

ಆ ಬೆಟ್ಟದ ಹೆಸರು ಬೇಡ. ಮಾಕಳಿದುರ್ಗದಷ್ಟು ಜನ ಬರುವ ಜಾಗವಲ್ಲ. ಗೆಳೆಯರ ಜೊತೆ ಬಂದಿದ್ದ ಹಿರಿಯರೊಬ್ಬರು ಹನ್ನೆರಡು ಗಂಟೆಯ ಬಿಸಿಲಲ್ಲಿ, ಕೋಟೆಯ ಎರಡನೆಯ ಬಾಗಿಲ ಬಳಿ ಕುಸಿದು ಬಿದ್ದರು. ಜೊತೆಗಿದ್ದವರು ಗಾಬರಿಯಾಗಿ ಸುತ್ತ ನಿಂತರಂತೆ. ಫೋನಿಗೆ ಸಿಗ್ನಲ್ ಇಲ್ಲ. ನೀವು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಮ್ಮ ಬಾಟಲಿಯ ನೀರನ್ನು ಬಾಯಿಗೆ ಹಾಕಿದಿರಿ. ಅವರಿಗೆ ಪ್ರಜ್ಞೆ ಇರಲಿಲ್ಲ.

ಯಾರು ತಾನೇ ಹಾಕುತ್ತಿರಲಿಲ್ಲ? ನಮ್ಮ ಕಡೆ ದಾರಿಯಲ್ಲಿ ಯಾರು ಬಿದ್ದರೂ ಮೊದಲು ಕೇಳಿಬರುವ ಕೂಗೇ ‘ನೀರು ತನ್ನಿ’. ಸಾಯುವವರ ಬಾಯಿಗೂ ಒಂದು ಹನಿ ಬಿಡುತ್ತೇವೆ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ನನ್ನ ತಾಯಿಯೂ ಅದನ್ನೇ ಮಾಡುತ್ತಿದ್ದರು. ತಪ್ಪು ಎಂದು ಯಾರಾದರೂ ಕೂರಿಸಿಕೊಂಡು ಹೇಳಿಕೊಡಬೇಕಿತ್ತು. ಅದಕ್ಕೆಂದೇ ಒಂದು ದಿನ ಇಟ್ಟಿದ್ದೆವು.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಅವರು ತೀರಿಕೊಂಡರು. ನೀರು ಶ್ವಾಸಕೋಶಕ್ಕೆ ಇಳಿದು ಸೋಂಕಾಗಿತ್ತು ಎಂದು ವರದಿಯಲ್ಲಿತ್ತು. ಹೃದಯವೂ ದುರ್ಬಲವಾಗಿತ್ತು ಎಂಬ ಇನ್ನೊಂದು ಸಾಲೂ ಇತ್ತು. ಆ ಎರಡನೆಯ ಸಾಲನ್ನು ನಾನು ಎಷ್ಟು ಸಲ ಓದಿಕೊಂಡಿದ್ದೇನೋ. ಅದು ನಿಜವೇ ಇರಬಹುದು. ಆದರೂ ಮೊದಲ ಸಾಲು ಅಳಿಸಿಹೋಗುವುದಿಲ್ಲ.

ಸುದ್ದಿ ಬಂದ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಬೀರುವಿನ ಮೇಲಿಂದ ಆ ಕಟ್ಟನ್ನು ಇಳಿಸಿದೆ. ದಾರ ಬಿಚ್ಚುವ ಧೈರ್ಯವಾಗಲಿಲ್ಲ. ಬದಿಯಿಂದ ಒಂದು ಹಾಳೆಯನ್ನು ಮಾತ್ರ ಎಳೆದೆ. ದಪ್ಪ ಅಕ್ಷರದಲ್ಲಿ ಏಳು ಸಾಲುಗಳಿದ್ದವು. ನಾಲ್ಕನೆಯದು — ‘ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು’.

ಆಗ ನಾನು ಮಾಡಬೇಕಾಗಿದ್ದು ಇಷ್ಟೇ, ಆ ಹಾಳೆ ಹಿಡಿದುಕೊಂಡು ಎದುರಿನ ಸಾಹೇಬರ ಕೋಣೆಗೆ ಹೋಗುವುದು. ಹತ್ತು ಹೆಜ್ಜೆ. ನಾನು ಹೋದದ್ದು ದಾಖಲೆ ಕೋಣೆಗೆ. ಹಳೆಯ ಕಡತಗಳ ಹಿಂದೆ, ಯಾರೂ ಕೈಹಾಕದ ಮೂಲೆಗೆ ಆ ಕಟ್ಟನ್ನು ತಳ್ಳಿ ಬಂದು, ಕೈತೊಳೆದು ಊಟಕ್ಕೆ ಕೂತೆ.

ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವರಲ್ಲ. ನಿಮಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಆ ನೀರಿನ ಲೋಟವನ್ನು ನೀವು ಮುಟ್ಟಲಿಲ್ಲ, ನೆನಪಿದೆ. ನಾನು ಕಡತ ಹಿಡಿದು ಅವರ ಪಕ್ಕದಲ್ಲಿ ನಿಂತಿದ್ದೆ.

“ಬಿದ್ದವ್ರಿಗೆ ನೀರು ಕುಡಿಸ್ಬಾರ್ದು ಅಂತ ನಂಗೆ ಯಾರೂ ಹೇಳ್ಕೊಟ್ಟಿಲ್ಲ ಸಾರ್. ಮೂರನೇ ದಿನದ್ ಕ್ಲಾಸೇ ಆಗ್ಲಿಲ್ಲ, ಸೈನೆಲ್ಲಾ ಮೊದ್ಲನೇ ದಿನಾನೇ ಹಾಕಿದ್ದು” ಎಂದಿರಿ.

ಅವರು ಹಾಜರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಒಂದೇ ದಿನ ಹಾಕಿದ್ರೆ ಒಂದೇ ಪೆನ್ನಲ್ಲಿ ಇರ್ತಿತ್ತಲ್ಲಮ್ಮ? ಇಲ್ಲಿ ಮೂರು ದಿನಕ್ಕೆ ಮೂರು ಪೆನ್ನಿದೆ. ಸಹಿ ನಿಮ್ದೇ ತಾನೆ?”

“ನಂದೇ ಸಾರ್. ಆದ್ರೆ ಪೆನ್ನು ಕೊಟ್ಟಿದ್ದು ಇವ್ರು —” ನೀವು ನನ್ನ ಕಡೆ ತಿರುಗಿದಿರಿ. ನಿಮ್ಮ ಮುಖದಲ್ಲಿ ಅನುಮಾನವೇ ಇರಲಿಲ್ಲ. ನಾನು ನಿಜ ಹೇಳುತ್ತೇನೆ ಎಂದೇ ನಂಬಿದ್ದಿರಿ. “ಮುನಿರಾಜು ಸಾರ್, ಹೇಳಿ ಸಾರ್.”

ನಾನು ಹೇಳಿದೆ.

“ದಾಖಲೆಯಲ್ಲಿ ಇರೋದೇ ಸರಿ, ಸಾರ್.”

ಉಳಿದ ಹದಿಮೂರು ಜನರನ್ನೂ ಕರೆಸಬೇಕೇ ಎಂದು ಅವರು ಕೇಳಿದರು. ಅವರ ಸಹಿಗಳೂ ಇವೆಯಲ್ಲ ಸಾರ್ ಎಂದೆ. ಕರೆಸಲಿಲ್ಲ. ಆ ಹದಿಮೂರರಲ್ಲಿ ಇಬ್ಬರು ಅಂದೇ ಸಂಜೆ ಫೋನ್ ಮಾಡಿ, “ಸಾರ್, ನಮ್ ಹೆಸ್ರು ಬರಲ್ಲ ತಾನೆ?” ಎಂದು ಕೇಳಿದರು. ಬರಲ್ಲ ಎಂದೆ. ಭಯ ಇರುವುದು ನನ್ನೊಬ್ಬನಿಗೇ ಅಲ್ಲ ಎಂದು ಆಗ ಎಷ್ಟು ಸಮಾಧಾನವಾಯಿತು!

ತರಬೇತಿ ಪಡೆದಿದ್ದರೂ ನಿರ್ಲಕ್ಷ್ಯ ತೋರಿದ್ದಾರೆ ಎಂದು ವರದಿಯಾಯಿತು. ನಿಮ್ಮ ಬ್ಯಾಡ್ಜನ್ನು ವಾಪಸು ಪಡೆಯುವ ಪತ್ರ ತಯಾರಿಸಿದವನೂ ನಾನೇ. ನೀವು ಬಂದು, ಅದನ್ನು ಕೊರಳಿನಿಂದ ತೆಗೆದು, ದಾರವನ್ನು ಅದರ ಸುತ್ತ ಸುತ್ತಿ ನನ್ನ ಮೇಜಿನ ಮೇಲಿಟ್ಟಿರಿ. ಬೈದಿದ್ದರೆ — ಬೈದಿದ್ದರೆ ಬಹುಶಃ ನನಗೆ ಅನುಕೂಲವಾಗುತ್ತಿತ್ತು.

ಇದಕ್ಕಿಂತ ಹೀನವಾದದ್ದೊಂದಿದೆ. ಅದು ನಿಮಗೂ ಗೊತ್ತಿಲ್ಲ.

ಉಳಿದವರಲ್ಲಿ ಹನ್ನೊಂದು ಜನ ಈಗಲೂ ಬೆಟ್ಟ ಹತ್ತುತ್ತಿದ್ದಾರೆ. ಅವರಿಗೂ ಆ ನಾಲ್ಕನೆಯ ಸಾಲು ಗೊತ್ತಿಲ್ಲ. ದಾಖಲೆಯ ಪ್ರಕಾರ ತರಬೇತಿ ಆದವರು, ಆದ್ದರಿಂದ ಮತ್ತೆ ಕರೆಯುವ ಹಾಗಿಲ್ಲ. ಆ ಕರಪತ್ರಗಳನ್ನಾದರೂ ಅಂಚೆಗೆ ಹಾಕಬಹುದಿತ್ತು. ಹಾಕಲಿಲ್ಲ. ಈಗ ಹಂಚಿದರೆ ಆಗ ಹಂಚಿರಲಿಲ್ಲ ಎಂದಾಗುತ್ತದಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪ್ರತಿ ಬೇಸಿಗೆಯಲ್ಲಿ ಬೆಳಿಗ್ಗೆ ಪತ್ರಿಕೆ ಬಿಡಿಸುವಾಗ ಸಾವಿನ ಸುದ್ದಿಗಳನ್ನೇ ಮೊದಲು ಹುಡುಕುತ್ತೇನೆ. ಯಾವ ಬೆಟ್ಟದಲ್ಲಿ ಯಾರು ಬಿದ್ದರೋ, ಯಾರು ಓಡಿಬಂದು ನೀರು ಹಾಕಿದರೋ ಎಂದು. ಐದು ಬೇಸಿಗೆ ಹೀಗೆ ಕಳೆದವು. ಹೆದರಿದೆ, ಅಷ್ಟೇ. ಏನೂ ಮಾಡಲಿಲ್ಲ.

ಭಯ ಸಣ್ಣಪುಟ್ಟ ಜಾಗಗಳಲ್ಲೆಲ್ಲ ಹೊಕ್ಕಿತು. ರಿಜಿಸ್ಟರ್ಡ್ ಪೋಸ್ಟ್ ಎಂದು ಅಂಚೆಯವನು ಕೂಗಿದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ದಾಖಲೆ ಕೋಣೆಗೆ ಸುಣ್ಣ ಹೊಡೆಸಬೇಕೆಂದಾಗ ಎರಡು ದಿನ ರಜೆ ಇದ್ದರೂ ಹೋಗಿ ಅಲ್ಲೇ ನಿಂತಿದ್ದೆ. ನಿಮ್ಮ ಅಣ್ಣನ ಟೈರ್ ಅಂಗಡಿ ಇರುವ ರಸ್ತೆಯಲ್ಲಿ ನಾನು ಐದು ವರ್ಷದಿಂದ ನಡೆದಿಲ್ಲ. ನಮ್ಮ ಮನೆಯವಳು, “ಯಾಕ್ ಹಿಂಗೆ ಬೆಚ್ಚಿ ಬೀಳ್ತೀರಾ, ಯಾರದ್ದಾದ್ರೂ ಮನೆ ಹಾಳು ಮಾಡಿದೀರಾ?” ಎಂದು ತಮಾಷೆಗೆ ಕೇಳುತ್ತಾಳೆ. ತಮಾಷೆಗೇ ನಗುತ್ತೇನೆ.

ಕಳೆದ ತಿಂಗಳು ನೆಲಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬಳ್ಳಾಪುರದ ಬಸ್ ಹತ್ತಿ ಕೂತಿದ್ದೆ. ಸಂಜೆ ಐದರ ಹೊತ್ತು, ಗೋಡೌನ್‌ಗಳ ಪಾಳಿ ಬಿಟ್ಟು ಹೆಂಗಸರು ಗುಂಪಾಗಿ ಹತ್ತಿದರು. ಅವರಲ್ಲಿ ನೀವು. ಕಂಡ ತಕ್ಷಣ ಕಡತವನ್ನು ಮುಖಕ್ಕೆ ಅಡ್ಡ ಹಿಡಿದೆ. ಐವತ್ತೊಂಬತ್ತು ವರ್ಷದ ಗಂಡಸು!

“ಮುನಿರಾಜು ಸಾರ್ ಅಲ್ವಾ?”

ಇಳಿದು ಓಡಿಬಿಡಬೇಕು ಎನಿಸಿತು. ಬಸ್ಸು ಹೊರಟಿತ್ತು. ನೀವು ನನ್ನ ಸೀಟಿನ ಕಂಬಿ ಹಿಡಿದು ನಿಂತಿರಿ. ಗೋಡೌನ್‌ನಲ್ಲಿ ಪ್ಯಾಕಿಂಗ್ ಕೆಲಸ ಎಂದಿರಿ. ಅಮ್ಮಿ ಹೋದ ವರ್ಷ ತೀರಿಕೊಂಡರು ಎಂದಿರಿ. ನನ್ನ ಆರೋಗ್ಯ ಕೇಳಿದಿರಿ. ಬೈಗುಳ ಬೀಳುತ್ತದೆಂದು ಕುಗ್ಗಿ ಕೂತಿದ್ದವನಿಗೆ ಆ ಮೆತ್ತಗಿನ ದನಿಯೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಮೇಲೆ ನೀವು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ.

“ಸಾರ್, ಅವತ್ತು ನಿಮ್ ಹೆಸ್ರು ಎಳ್ದೆ, ತಪ್ಪಾಯ್ತು. ನಾನ್ ತುಂಬಾ ಯೋಚ್ನೆ ಮಾಡ್ದೆ. ಮೂರನೇ ದಿನ ಇತ್ತು ಅನ್ಸುತ್ತೆ. ಇಲ್ದಿದ್ರೆ ನೀವ್ಯಾಕೆ ಇತ್ತು ಅಂತೀರಾ? ನಿಮ್ಗೇನ್ ನನ್ ಮೇಲೆ ದ್ವೇಷಾನಾ? ಸೈನೂ ನಂದೇ ಅಲ್ವಾ. ಅವತ್ತು ನಾನು ಅಮ್ಮೀನ ಕಣ್ಣಾಸ್ಪತ್ರೆಗೆ ಕರ್ಕೊಂಡೋಗಿದ್ದೆ ಅಂತ ನನ್ ನೆನ್ಪು. ಅದು ಬೇರೆ ದಿನ ಇರ್ಬೇಕು. ಅಮ್ಮಿ ಇದ್ದಿದ್ರೆ ಕೇಳ್ಬೋದಿತ್ತು...” ಕಿಟಕಿಯ ಕಡೆ ನೋಡುತ್ತ ಕೇಳಿದಿರಿ. “ಹೇಳ್ಕೊಟ್ಟಿದ್ದನ್ನ ಮರ್ತು ಒಂದ್ ಜೀವ ಕಳ್ದೆ, ಅಲ್ವಾ ಸಾರ್?”

ಶಾಹೀನಾ, ಅಲ್ಲಿ, ಆ ಕ್ಷಣ — ಬಸ್ಸಿನಲ್ಲಿ ಯಾವ ಅಧಿಕಾರಿಯೂ ಇರಲಿಲ್ಲ, ಹಾಜರಿ ಹಾಳೆ ಇರಲಿಲ್ಲ, ನೋಟಿಸ್ ಕೊಡುವವರು ಇರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿಮ್ಮ ಕೆಲಸ ಕಿತ್ತುಕೊಂಡದ್ದು ಗೊತ್ತಿತ್ತು. ಬ್ಯಾಡ್ಜ್ ಕಿತ್ತುಕೊಂಡದ್ದು ಗೊತ್ತಿತ್ತು. ನಿಮ್ಮ ನೆನಪನ್ನೇ ನಿಮ್ಮಿಂದ ಕಿತ್ತುಕೊಂಡಿದ್ದೇನೆ ಎಂದು ಗೊತ್ತಾದದ್ದು ಆಗ. ನಾನು ಏನು ಹೇಳಿದೆ?

“ಬಿಡಮ್ಮ, ಆಗಿದ್ದಾಯ್ತು.”

ಹೇಳಿ, ನನ್ನ ಊರು ಬರುವ ಮೊದಲೇ ಯಾವುದೋ ಹಳ್ಳಿಯ ಗೇಟಿನ ಬಳಿ ಇಳಿದುಬಿಟ್ಟೆ. ನೀವು ಕಿಟಕಿಯಿಂದ ಕೈ ಬೀಸಿದಿರಿ. ಎರಡು ಮೈಲಿ ನಡೆದು ಮನೆಗೆ ಹೋದೆ. ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಹೆದರಿಕೆಯಾಗಲಿಲ್ಲ. ಜೀವನದಲ್ಲಿ ಅದೊಂದೇ ಸಲ.

ಆದರೂ ಬಾಯಿ ಬಿಡಲಿಲ್ಲ. ನಿವೃತ್ತಿಗೆ ಹನ್ನೊಂದು ತಿಂಗಳಿದೆ, ಅಷ್ಟು ಕಳೆಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ‘ಮುಂದಿನ ವಾರ’ ಎನ್ನುವ ಆ ಹಳೆಯ ರಾಗವೇ.

ಈ ಸೋಮವಾರ ನಮ್ಮ ಕಚೇರಿಗೆ ಹೊಸದಾಗಿ ಸೇರಿರುವ ಸೌಮ್ಯ ಎಂಬ ಹುಡುಗಿ ನನ್ನ ಮೇಜಿನ ಮುಂದೆ ಬಂದು ನಿಂತಳು. ನಾನು ಹೋದ ಮೇಲೆ ತರಬೇತಿಯ ಕಡತಗಳು ಅವಳಿಗೆ. ಮುಂದಿನ ವಾರ ಹೊಸ ಮಾರ್ಗದರ್ಶಿಗಳ ತರಬೇತಿ. ಕೆಲಸ ಕಲಿಯಬೇಕೆಂಬ ಉತ್ಸಾಹ, ಪಾಪ.

“ಸಾರ್, ಸಹಿ ಎಲ್ಲಾ ಮೊದ್ಲನೇ ದಿನಾನೇ ತಗೊಂಡ್ಬಿಡ್ತೀನಿ. ಮೂರು ಪೆನ್ನೂ ತಂದಿದೀನಿ ನೋಡಿ. ನಿಮ್ ಪದ್ಧತಿ ಅಂತ ಡ್ರೈವರಣ್ಣ ಹೇಳ್ಕೊಟ್ರು.”

ನೀಲಿ, ಕಪ್ಪು, ಜೆಲ್. ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು.

ಮೂವತ್ತು ವರ್ಷ ಯಾರು ಯಾರಿಗೆ ಏನೇನು ಕಲಿಸಬೇಕೆಂದು ಯೋಜನೆ ಬರೆದವನು ನಾನು. ನಾನು ಕಲಿಸದೆಯೇ ಈ ಕಚೇರಿ ನನ್ನಿಂದ ಕಲಿತದ್ದು ಇದೊಂದನ್ನು. ಬಾಗಿಲು ಹಾಕಿ ಕೂತ್ಕೊಮ್ಮ ಎಂದೆ. ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ಹಾಗಾದ್ರೆ ಆ ಮೇಡಂಗೆ ಇನ್ನೂ ಗೊತ್ತಿಲ್ವಾ ಸಾರ್?”

ಅವಳನ್ನು ಕಳಿಸಿ ದಾಖಲೆ ಕೋಣೆಗೆ ಹೋದೆ. ಆ ಕಟ್ಟು ಅಲ್ಲೇ ಇತ್ತು, ಅಂಚು ಹುಳ ತಿಂದಿತ್ತು. ನರ್ಸಮ್ಮ ಹಾಕಿದ ಗಂಟು ಹಾಗೆಯೇ ಇದೆ. ತರಬೇತಿ ನಡೆದಿದ್ದರೆ ಆ ದಾರ ಬಿಚ್ಚಿರುತ್ತಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಾನು ಅದನ್ನು ಬಿಚ್ಚುವುದಿಲ್ಲ, ಹಾಗೆಯೇ ಒಪ್ಪಿಸುತ್ತೇನೆ. ಅಂದು ಬದಿಯಿಂದ ಎಳೆದ ಹಾಳೆಯನ್ನು ಮನೆಯಲ್ಲಿ ಬಚ್ಚಿಟ್ಟಿದ್ದೆ. ಆ ಏಳು ಸಾಲುಗಳನ್ನು ಹನ್ನೊಂದು ಪ್ರತಿ ಮಾಡಿಸಿ ಮಂಗಳವಾರವೇ ಹನ್ನೊಂದು ಜನರಿಗೆ ಅಂಚೆಗೆ ಹಾಕಿದೆ. ಐದು ವರ್ಷ ಆಗದೇ ಇದ್ದ ಕೆಲಸಕ್ಕೆ ಅರ್ಧ ದಿನ ಸಾಕಾಯಿತು.

ಮೇಲಿನ ಕಚೇರಿಗೆ ಹೇಳಿಕೆ ಬರೆದಿದ್ದೇನೆ. ತೀರಿಹೋದ ಹಿರಿಯರ ಮನೆಯವರಿಗೆ ಒಂದು ಪ್ರತಿ. ಅವರೂ ಐದು ವರ್ಷದಿಂದ ತಪ್ಪು ಹೆಸರೊಂದನ್ನು ಶಪಿಸುವಂತೆ ಮಾಡಿದ್ದೇನೆ. ನಾಳೆ ಹತ್ತೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ನಾನೇ ಕೈಯಾರೆ ಕೊಡುತ್ತೇನೆ. ಏನಾಗುತ್ತದೋ ಗೊತ್ತಿಲ್ಲ. ನೌಕರಿ ಹೋಗಬಹುದು, ಪೊಲೀಸರೂ ಕರೆಸಬಹುದು. ಮನೆಯವಳಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಒಲೆ ಆರಿಸಿ, ನನ್ನ ಎದುರಿಗೆ ಬಂದು ಕೂತಳು. ಭಯ ಹೋಗಿದೆಯೇ ಎಂದು ಕೇಳಬೇಡಿ. ಹೋಗಿಲ್ಲ. ಪುಕ್ಕಲನೇ ಹೋಗಿ ಕೊಡುತ್ತಾನೆ, ಬೇರೆ ಯಾರಿದ್ದಾರೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಅದನ್ನು ಕೇಳುವ ಜಾಗ ನನಗೆ ಉಳಿದಿಲ್ಲ. ನಿಮಗೆ ಹಿಂದಿರುಗಿಸಬಹುದಾದದ್ದು ನನ್ನ ಹತ್ತಿರ ಒಂದೇ ಒಂದು ಇದೆ. ಅದನ್ನು ಕೊಟ್ಟುಬಿಡುತ್ತೇನೆ.

ಎರಡನೆಯ ದಿನದ ಸಂಜೆ ಏಳು ಗಂಟೆಗೆ ನಿಮಗೆ ಫೋನ್ ಮಾಡಿ, ನಾಳೆ ಕ್ಲಾಸಿಲ್ಲ, ಬರಬೇಡಮ್ಮ ಎಂದೆ. ನೀವು, “ಒಳ್ಳೇದೇ ಆಯ್ತು ಸಾರ್, ಹಂಗಾದ್ರೆ ನಾಳೆ ಅಮ್ಮೀನ ಕಣ್ಣಾಸ್ಪತ್ರೆಗೆ ಕರ್ಕೊಂಡೋಗ್ತೀನಿ” ಎಂದಿರಿ. ನನ್ನ ಕಿವಿಯಲ್ಲಿ ಅದು ಇನ್ನೂ ಇದೆ. ಅದು ಬೇರೆ ದಿನ ಅಲ್ಲ, ಶಾಹೀನಾ. ಅದೇ ದಿನ. ಹಾಜರಿ ಹಾಳೆಯಲ್ಲಿ ನೀವು ನಮ್ಮ ಕಚೇರಿಯಲ್ಲಿ ಕೂತಿದ್ದೀರಿ ಎಂದು ಬರೆದಿರುವ ಆ ಹೊತ್ತಿನಲ್ಲಿ ನೀವು ಅಮ್ಮಿಯ ಕೈ ಹಿಡಿದುಕೊಂಡು ಆಸ್ಪತ್ರೆಯ ಸಾಲಿನಲ್ಲಿದ್ದಿರಿ. ಯಾರೂ ನಿಮಗೆ ಹೇಳಿಕೊಡಲಿಲ್ಲ. ನೀವು ಏನನ್ನೂ ಮರೆತಿಲ್ಲ.